ಬರೀ ನೀರಿನ ಘಮ

ಸಿಂದಗಿ,
೧೦ ಫೆಬ್ರುವರಿ ೨೦೦೧

ಮುದ್ದೇಬಿಹಾಳದಲ್ಲಿ ಅಕ್ಕನ ಮನೆಯ ಕಟ್ಟೆಯ ಮೇಲೆ ಮುನಿಸಿಕೊಂಡು ಕುಳಿತಿರುವ ನಮ್ಮ ಮನೆಯವರಿಗೆ, ಶೈಲಾ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಆರಾಮ, ನೀವೂ ಆರಾಮ ಇರುವಿರೆಂದು ನಂಬಿದ್ದೇನೆ ಎಂದು ಬರೆಯುವುದು ರೂಢಿ. ಆದರೆ ನಾನು ಆರಾಮ ಇಲ್ಲ, ನೀವೂ ಇರಲಿಕ್ಕಿಲ್ಲ. ಬರೆಯಲು ಕುಳಿತಾಗಿನಿಂದ ಎಷ್ಟು ಸಲ ಎದ್ದೆನೋ ಲೆಕ್ಕವಿಲ್ಲ. ಒಮ್ಮೆ ಹಾಲು ನೋಡಲು, ಒಮ್ಮೆ ಬಾಗಿಲು ನೋಡಲು, ಆಮೇಲೆ ಸುಮ್ಮಸುಮ್ಮನೆ. ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ ಎಂದು ತಿಳಿಯಿರಿ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಹೊಲಗಳಲ್ಲಿ ಕುಸುಬಿ ಒಣಗಿ ಮುಳ್ಳು ಮುಳ್ಳಾಗಿ ನಿಂತಿದೆ. ಕೊಯ್ಲು ಶುರುವಾದರೆ ಹೊಸ ಕಾಳಿನ ಚೀಲ ನಮ್ಮ ಎಣ್ಣೆ ಗಿರಣಿಯ ಬಾಗಿಲಿಗೆ ಬರಲು ತಡವಿಲ್ಲ. ಮೊನ್ನೆ ಆಲಮೇಲದಿಂದ ನಿಮ್ಮ ಕಾಕಾನ ಮಗ ಭೀಮಶ್ಯಾ ಬಂದಿದ್ದ. ಅತ್ತೆಯವರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಎರಡು ಸಲ ಚಹಾ ಕುಡಿದು, ಕೊನೆಗೆ ಬಂದ ಕೆಲಸ ಹೇಳಿದ. "ಸಂಗಣ್ಣಗ ಮನಸ್ಸಿಲ್ಲ ಅಂದ್ರ ಈ ಸುಗ್ಗಿ ನಾ ನಡಸ್ತೇನಿ ದೊಡ್ಡವ್ವಾ. ಗಿರಣಿ ಕೀಲಿ ಕೊಡ್ರಿ. ಸುಮ್ಮ ನಿಂತ್ರ ಮಿಷಿನ್ ಜಂಗ್ ಹಿಡೀತೈತಿ" ಅಂದ. ಅತ್ತೆಯವರು ಇಲ್ಲ ಅನ್ನಲಿಲ್ಲ. "ಶಿವರಾತ್ರಿ ಮಟ ನೋಡೂಣು. ಅಷ್ಟರಾಗ ಅಂವ ಬರಲಿಲ್ಲ ಅಂದ್ರ ಕೀಲಿ ನಿನಗ" ಅಂದರು. ಭೀಮಶ್ಯಾ ಎಂಥವನೆಂದು ನಿಮಗೆ ಹೇಳಬೇಕಿಲ್ಲ. ಕುಳಿತ ಜಾಗದಿಂದ ಏಳುವ ಮನುಷ್ಯ ಅಲ್ಲ. ಒಂದು ಸುಗ್ಗಿ ಅವನು ತಕ್ಕಡಿ ಹಿಡಿದರೆ ಮುಂದಿನ ಸುಗ್ಗಿಗೆ ನೀವು ಅವನ ಕೈಕೆಳಗೆ ಚೀಲ ಹೊಲಿಯಬೇಕಾದೀತು.

ಶಿವರಾತ್ರಿಯ ಮೊದಲು ನೀವು ಬರುತ್ತೀರೋ ಇಲ್ಲವೋ ಎಂಬುದೇ ನನ್ನ ತಲೆ ತಿನ್ನುತ್ತಿದೆ. ನೀವು ಯಾಕೆ ಬರುತ್ತಿಲ್ಲ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತಿದೆ.

ನಿಮಗೆ ವಾಸನೆ ತಿಳಿಯುವುದಿಲ್ಲ.

ಬರೆದುಬಿಟ್ಟೆ. ಈಗ ಎದ್ದು ಅಂಗಳಕ್ಕೆ ಹೋಗಿ ಬಂದೆ. ನೀವು ಪತ್ರ ಮಡಚಿಡಬೇಡಿ, ಪೂರ್ತಿ ಓದಿ.

ಕಳೆದ ಮಳೆಗಾಲದಲ್ಲಿ ದೇವರ ಹಿಪ್ಪರಗಿ ದಾರಿಯಲ್ಲಿ ನೀವು ಗಾಡಿಯಿಂದ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟು ಮಾಡಿಕೊಂಡಿರಲ್ಲ, ಗಾಯ ಬೇಗ ಮಾಯಿತು, ಆದರೆ ನೀವು ಮೊದಲಿನ ಹಾಗೆ ಆಗಲಿಲ್ಲ. ತಾಟಿನ ಮುಂದೆ ಕುಳಿತರೆ ಸಿಡಿಮಿಡಿ, ಗಿರಣಿಯಿಂದ ಬಂದರೆ ಗೋಡೆಯ ಕಡೆ ಮುಖ. ನಿಮ್ಮ ಚಡಪಡಿಕೆ ನನಗೂ ಅಂಟಿತು. ನೀವು ಮಗ್ಗಲು ಬದಲಿಸಿದಾಗಲೆಲ್ಲ ನನಗೆ ಎಚ್ಚರವಾಗುತ್ತಿತ್ತು. ಪೆಟ್ಟಿನಿಂದ ತಲೆಯೊಳಗೆ ಏನೋ ಉಳಿದಿದೆ, ಒಂದು ದಿನ ನೀವು ಏಳುವುದೇ ಇಲ್ಲ ಎಂದು ಹೆದರಿಕೊಂಡೇ ಮಲಗುತ್ತಿದ್ದೆ.

ಆಗಲೇ ವಾರಪತ್ರಿಕೆಯಲ್ಲಿ ಸುಗಂಧ ಚಿಕಿತ್ಸೆಯ ಪುಟ ನೋಡಿದ್ದು. ದಣಿದ ಮನಸ್ಸಿಗೆ ಮನೆಯಲ್ಲೇ ಪರಿಮಳದಿಂದ ಸಮಾಧಾನ ತರಬಹುದು, ಹಣತೆಯ ಮೇಲೆ ನೀರಿನ ಬಟ್ಟಲಿಟ್ಟು ಅದರಲ್ಲಿ ನಾಲ್ಕು ಹನಿ ಹೂವಿನ ಎಣ್ಣೆ ಬಿಟ್ಟರೆ ಸಾಕು ಎಂದು ಬರೆದಿದ್ದರು. ಸಂತೆಯಲ್ಲಿ ಅತ್ತರು, ಲೋಬಾನ ಮಾರುವ ಖಾಜಾಸಾಬನಿಗೆ ಆ ಪುಟ ತೋರಿಸಿದೆ. ಅವನಿಗೆ ಓದಲು ಬಾರದು, ಚಿತ್ರ ನೋಡಿ ತಲೆ ಅಲ್ಲಾಡಿಸಿದ. ಮುಂದಿನ ಸಂತೆಗೆ ಸೊಲ್ಲಾಪುರದಿಂದ ಲ್ಯಾವೆಂಡರ್ ಎಣ್ಣೆಯ ಸಣ್ಣ ಬಾಟಲಿ ತಂದುಕೊಟ್ಟು, "ಪರದೇಶದ ಹೂವಿಂದು ಐತ್ರಿ ಬಾಯಾರ. ಇದರ ವಾಸನಿ ತಗೊಂಡ್ರ ಹುಲಿನೂ ಮಲಗತೈತಿ" ಅಂದ. ನಮ್ಮ ಮನೆಯ ಹುಲಿ ಮಲಗಿದರೆ ಸಾಕೆಂದು ತೆಗೆದುಕೊಂಡೆ.

ಅಲ್ಲಿಂದ ಅದೊಂದು ಹುಚ್ಚೇ ಹಿಡಿಯಿತು. ಕುಡಿಯುವ ನೀರಿನ ಕೊಡದಲ್ಲಿ ಲಾವಂಚದ ಬೇರು. ದಿಂಬಿನ ಕೆಳಗೆ ದವನ, ಮರುಗ. ಇಂಡಿಯಿಂದ ನನ್ನ ಅಪ್ಪ ಕಳಿಸಿದ ನಿಂಬೆಹಣ್ಣಿನ ಸಿಪ್ಪೆ ಒಂದೂ ಕಸಕ್ಕೆ ಹೋಗಲಿಲ್ಲ. ಒಣಗಿಸಿ, ಕುದಿಸಿ, ಆ ನೀರಲ್ಲಿ ನಿಮ್ಮ ಕಾಲು ಇಳಿಬಿಡಿಸಿ ಕೂರಿಸುತ್ತಿದ್ದೆ. ಎಲ್ಲದಕ್ಕೂ ನೀವು ಹೂಂ ಅನ್ನುತ್ತಿದ್ದಿರಿ. ಬಟ್ಟಲಿನ ಆವಿ ಎದ್ದ ಕೂಡಲೇ ದೊಡ್ಡದಾಗಿ ಉಸಿರೆಳೆದು, "ಛಲೋ ಐತಿ ನೋಡ, ತಲಿ ಹಗರ ಆತು" ಅಂದು ಕಣ್ಣು ಮುಚ್ಚುತ್ತಿದ್ದಿರಿ. ನಿಮ್ಮ ಮುಖ ಸಡಿಲಾಗುವುದನ್ನು ನೋಡುತ್ತ ನಾನು ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಆ ಹೊತ್ತಿಗೆ ನನಗೆ ಯಾವ ಹೆದರಿಕೆಯೂ ಇರುತ್ತಿರಲಿಲ್ಲ. ನಿಮಗೆಂದು ಇಟ್ಟ ಬಟ್ಟಲು ನನಗೇ ಔಷಧವಾಯಿತು ಅನ್ನಬೇಕು. ಮದುವೆಯಾದ ಮೇಲೆ ನಾವಿಬ್ಬರೂ ಹಾಗೆ ಮಾತಿಲ್ಲದೆ ಒಂದೇ ಕಡೆ ಕುಳಿತದ್ದು ಅದೇ ಮೊದಲು.

ಆಮೇಲೆ ದೀಪಾವಳಿಯ ಮುಂದಿನ ಆ ಸಂಜೆ ಬಂತು. ಅತ್ತೆಯವರು ದೇವರ ಮುಂದಿನ ಸಮೆಯ ದೀಪಕ್ಕೆ ಎಣ್ಣೆ ಹಾಕಲು ಹೋಗಿ ಡಬ್ಬಿ ಬರಿದಾಗಿದ್ದು ಕಂಡು, ಗೂಡಿನಲ್ಲಿದ್ದ ನನ್ನ ಲ್ಯಾವೆಂಡರ್ ಬಾಟಲಿ ಪೂರ್ತಿ ಸುರಿದುಬಿಟ್ಟಿದ್ದರು. ಎಣ್ಣೆಯ ಗಿರಣಿಯವರ ಮನೆಯಲ್ಲಿ ಆಗಬಹುದಾದ ತಪ್ಪು ಅದು. ನಾನು ಬಾಯಿ ತೆರೆಯುವ ಮೊದಲೇ, "ಎಣ್ಣಿ ಅಂದ್ರ ಎಣ್ಣಿ. ದೇವರಿಗೆ ಹಚ್ಚೂದು, ಇಲ್ಲಂದ್ರ ಪಲ್ಲೇಕ ಹಾಕೂದು. ಮೂಸಿ ನೋಡೂ ಎಣ್ಣಿ ನಾ ಎಲ್ಲೀದು ಕೇಳೀನಿ" ಅಂದರು. ಅವರ ಬಾಯಿ ನಿಮಗೆ ಗೊತ್ತೇ ಇದೆ, ಅದರ ಮುಂದೆ ಗಿರಣಿಯ ಸದ್ದೂ ಕಡಿಮೆ.  ನಿಮಗೆ ಬೇಜಾರಾಗಬಾರದೆಂದು ನಮ್ಮ ಕೋಣೆಯಲ್ಲಿ ಹಣತೆಯ ಮೇಲೆ ಬಟ್ಟಲಿಟ್ಟೆ. ಒಳಗೆ ಬರೀ ನೀರಿತ್ತು. ನೀವು ಬಂದು ಅಡ್ಡಾದಿರಿ, ಉಸಿರೆಳೆದಿರಿ. "ಇವತ್ತ ಜಾಸ್ತಿ ಹಾಕಿದಿ ಏನು? ಘಮ್ಮಂತೈತಿ" ಅಂದಿರಿ.

ಮೊದಲು ನಗು ಬಂತು. ಚೇಷ್ಟೆ ಮಾಡುತ್ತಿದ್ದೀರಿ ಎಂದುಕೊಂಡೆ. ಮರುದಿನ ಬಟ್ಟಲಿಗೆ ಇಂಗು ಹಾಕಿದೆ. ಕೋಣೆಯಲ್ಲಿ ಕುಳಿತುಕೊಳ್ಳಲಾಗದಂಥ ನಾತ. ನೀವು ಕಣ್ಣು ಮುಚ್ಚಿ, "ಛಲೋ ಐತಿ" ಅಂದಿರಿ.  ನೀರು ತರುವ ನೆಪ ಮಾಡಿ ಹಿತ್ತಲಿಗೆ ಹೋಗಿ, ಬಚ್ಚಲ ಕಲ್ಲಿನ ಮೇಲೆ ಕುಳಿತು ಕಣ್ಣೀರು ಹಾಕಿದೆ.

ಆಮೇಲೆ ಒಂದೊಂದೇ ಹೊಳೆಯಿತು. ಎದುರಿಗೇ ಹಾಲು ಉಕ್ಕಿ ಸೀದರೂ ನೀವು ಪೇಪರು ಓದುತ್ತ ಕುಳಿತದ್ದು. ಊಟ ಸೇರದೆ ಬರೀ ಖಾರ, ಬರೀ ಉಪ್ಪು ಕೇಳುತ್ತಿದ್ದದ್ದು. ಇನ್ನೊಂದಿದೆ, ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ದೀಪ ಆರಿಸಿದ ಮೇಲೆ ನೀವು ನನ್ನ ಕತ್ತಿನ ಹತ್ತಿರ ಮುಖ ಇಟ್ಟು ಬಹಳ ಹೊತ್ತು ಹಾಗೇ ಇರುತ್ತಿದ್ದಿರಿ. ಅದು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ ಇರಬಹುದು, ಆದರೆ ನೀವು ಏನನ್ನೋ ಹುಡುಕುತ್ತಿದ್ದಿರಿ, ಅದು ಸಿಗುತ್ತಿರಲಿಲ್ಲ. 

ತಲೆಗೆ ಪೆಟ್ಟಾದರೆ ಹೀಗಾಗಬಹುದೇ ಎಂದು ಇಲ್ಲಿಯ ಡಾಕ್ಟರರನ್ನು ಬೇರೆ ಯಾರದೋ ಮಾತು ಎಂಬಂತೆ ಕೇಳಿದೆ. ಆಗಬಹುದು, ಕೆಲವರಿಗೆ ತಿರುಗಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಅಂದರು. ಹೊಸ ಬಾಟಲಿ ತರಿಸಿ ಮೊದಲಿನಂತೆಯೇ ಬಟ್ಟಲು ಇಡುತ್ತ, ನೀವೇ ಒಂದು ದಿನ ಹೇಳುತ್ತೀರಿ ಎಂದು ಕಾದೆ. ನೀವು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದೂ ನನಗೆ ಅರ್ಥವಾಗುತ್ತದೆ. ನಿಮ್ಮ ಅಪ್ಪ ಗುರಪ್ಪನವರ ಮೂಗಿನ ಕಥೆ ಈ ಊರಲ್ಲಿ ಕೇಳದವರಿಲ್ಲ. ಒಂದು ಹಿಡಿ ಕುಸುಬಿ ಅಂಗೈಯಲ್ಲಿ ತಿಕ್ಕಿ, ಬಾಯಿಯ ಆವಿ ಹಾಕಿ ಮೂಸಿದರೆ ಯಾವ ಊರಿನ ಕಾಳು, ಮಳೆಯಲ್ಲಿ ನೆನೆದಿದೆಯೇ ಎಂದು ಹೇಳುತ್ತಿದ್ದರಂತೆ. ನೀವೂ ಹಾಗೇ. ನಮ್ಮ ಎಣ್ಣೆ ಕೊಳ್ಳುವವರು ಎಣ್ಣೆಗಿಂತ ನಿಮ್ಮ ಮೂಗನ್ನು ನಂಬಿ ಡಬ್ಬಿ ಹಿಡಿದು ಬರುತ್ತಾರೆ. ಅದೇ ಹೋಯಿತೆಂದು ಹೇಳುವುದು ಹೇಗೆ? ಅದರಲ್ಲೂ ಅತ್ತೆಯವರ ಮುಂದೆ?

ಅದಕ್ಕೇ ನೀವು ಕಾಳಿನ ಬದಲು ರೈತನ ಮುಖ ನೋಡಿ ಚೀಲ ಇಳಿಸಿಕೊಳ್ಳಲು ಶುರು ಮಾಡಿದಿರಿ. ಹೂವಿನ ಹಿಪ್ಪರಗಿಯ ಸಿದ್ದರಾಯ ಹಳೆಯ ಕಾಳು ತಂದ. ಅವನ ಮುಖ ಮೊದಲೇ ದೇವರಂಥದ್ದು. ಕಾಳು ಹಿಂಗಾರಿನಲ್ಲಿ ನೆನೆದು ಒಳಗೇ ಕಾವೇರಿತ್ತು ಎಂಬುದು ಅವನಿಗೂ ತಿಳಿದಿರಲಿಲ್ಲವೋ ಏನೋ. ಆ ಎಣ್ಣೆ ಪೀಪಾಯಿಗೆ ಬಿದ್ದ ದಿನ ನಾನು ಒಳಗಿನಿಂದಲೇ ಕಮಟು ವಾಸನೆ ಗುರುತಿಸಿದೆ. ಬಾಗಿಲ ಮರೆಯಲ್ಲಿ ನಿಂತು, "ಎಣ್ಣಿ ವಾಸನಿ ಬ್ಯಾರೆ ಐತ್ರಿ" ಅಂದೆ. "ಗಿರಣಿ ಕೆಲಸದಾಗ ನೀ ಮೂಗ ತೂರಸಬ್ಯಾಡ, ಒಳಗ ಹೋಗು" ಅಂದಿರಿ. ಹೋದೆ. ಈ ಮನೆಯಲ್ಲಿ ಹೆಂಗಸರು ತಕ್ಕಡಿಯ ಕಟ್ಟೆಗೆ ಬರುವ ಪದ್ಧತಿ ಇಲ್ಲ.

ಎಳ್ಳ ಅಮಾವಾಸ್ಯೆಗೆ ಊರೆಲ್ಲ ನಮ್ಮ ಎಣ್ಣೆಯಲ್ಲಿ ಬದನೆಕಾಯಿ ಪಲ್ಯ ಮಾಡಿ, ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋಯಿತು. ಭೂಮಿತಾಯಿಗೆ ಎಡೆ ಇಟ್ಟು ಬುತ್ತಿ ಬಿಚ್ಚಿದವರಿಗೆ ಬಾಯಿಗೆ ಹಾಕಲಾಗಲಿಲ್ಲ. ವರ್ಷಕ್ಕೊಮ್ಮೆ ಬರುವ ಹಬ್ಬ. ಸಂಜೆಗೆ ಡಬ್ಬಿ ಹಿಡಿದವರೆಲ್ಲ ನಮ್ಮ ಕಟ್ಟೆಯ ಮುಂದೆ ನಿಂತಿದ್ದರು. ಅವರಲ್ಲೇ ಹಿರಿಯರಾದ ಶಂಕ್ರೆಪ್ಪಜ್ಜ ಮೆಲ್ಲಗೇ ಕೇಳಿದರು, "ಸಂಗಣ್ಣಾ, ಗುರಪ್ಪನ ಮಗ ಇದನ್ನ ಹ್ಯಾಂಗ ಬಿಟ್ಟಿಯೋ?" ಎಂದು. ಆಗ ನೀವು ಏನಂದಿರಿ ನೆನಪಿದೆಯೇ? ಮರೆತಿದ್ದರೆ ನಾನು ಬರೆಯುತ್ತೇನೆ. "ನನ್ನ ಮೂಗ ಛಲೋನ ಇತ್ತು. ದಿನಾ ಇಕಿ ಇಡೂ ಬಾಟ್ಲಿ ವಾಸನಿ ಕುಡದ ಕುಡದ ಕೆಟ್ಟೈತಿ" ಅಂದಿರಿ.

ಊರಿಗೆ ಅಷ್ಟು ಸಾಕಾಯಿತು. ಅತ್ತೆಯವರು ಇದ್ದಬದ್ದ ಬಾಟಲಿ, ಬೇರು, ಸಿಪ್ಪೆ ಎಲ್ಲ ಬಾಚಿ ತಿಪ್ಪೆಗೆ ಎಸೆದರು. ನಮ್ಮ ಓಣಿಯ ತಿಪ್ಪೆ ಆ ವಾರವಿಡೀ ಮದುವೆ ಮನೆಯ ಹಾಗೆ ಘಮಘಮಿಸುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ಮೂಸಿ, ನನ್ನ ಕಡೆ ನೋಡಿ ಹೋಗುತ್ತಿದ್ದರು. ಗಂಡನ ಮೂಗು ತಿಂದವಳು ಎಂದು ನೀರಿನ ನಳದ ಹತ್ತಿರ ಅಂದದ್ದು ನನ್ನ ಕಿವಿಗೇ ಬಿತ್ತು. ನೀವು ಆಗಲೇ ಚೀಲ ಹಿಡಿದು ನಿಮ್ಮ ಸುನಂದಕ್ಕನ ಮನೆಗೆಂದು ಮುದ್ದೇಬಿಹಾಳದ ಬಸ್ಸು ಹತ್ತಿದ್ದಿರಿ.

ನನಗೆ ಸಿಟ್ಟಿದೆ. ಬಹಳ ಇದೆ. ಬರೀ ನೀರಿನ ಮುಂದೆ ಕುಳಿತು ಘಮ್ಮಂತೈತಿ ಅಂದ ಬಾಯಿಯೂ ಅದೇ, ಊರ ಮುಂದೆ ನನ್ನನ್ನು ಹಾಗೆ ಅಂದ ಬಾಯಿಯೂ ಅದೇ. ಮೊದಲ ಸುಳ್ಳು ನನ್ನ ಸಮಾಧಾನಕ್ಕೆ ಹೇಳಿದ್ದು, ನಾನು ಖುಷಿಯಿಂದ ಪಕ್ಕದಲ್ಲಿ ಕುಳಿತಿರಲಿ ಎಂದು ಹೇಳಿದ್ದು. ತಿಂಗಳುಗಟ್ಟಲೆ ಹೇಳಿದಿರಿ. ಅದಕ್ಕೆ ನಿಮ್ಮ ಕಾಲು ಹಿಡಿಯಬೇಕು ಅನ್ನಿಸುತ್ತದೆ. ಎರಡನೆಯದಕ್ಕೆ ನಿಮ್ಮ ಅಂಗಿ ಹಿಡಿದು ಜಗ್ಗಬೇಕು ಅನ್ನಿಸುತ್ತದೆ. ದಿನಕ್ಕೆ ಹತ್ತು ಸಲ ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಓಡಾಡುತ್ತಿದ್ದೇನೆ. ದಾರಿಯಲ್ಲಿ ಬಸ್ಸಿನ ಸದ್ದಾದರೆ ಎದ್ದು ನೋಡುತ್ತೇನೆ, ನೀವಲ್ಲ ಎಂದು ಗೊತ್ತಾದ ಮೇಲೆ ನೋಡಿದ್ದಕ್ಕೇ ನನ್ನ ಮೇಲೆ ಸಿಟ್ಟು ಬರುತ್ತದೆ.

ಸಮಾಧಾನಕ್ಕೆಂದು ಮತ್ತೆ ನಿಂಬೆಸಿಪ್ಪೆ ಕುದಿಸಲು ಶುರು ಮಾಡಿದ್ದೇನೆ. ಅತ್ತೆಯವರು ನೋಡಿಯೂ ನೋಡದಂತೆ ಇದ್ದಾರೆ. ಆದರೆ ಪಕ್ಕದಲ್ಲಿ ನೀವಿಲ್ಲದೆ ಅದು ಬರೀ ಕುದಿಯುವ ನೀರು.

ಈಗ ನಾನು ಯೋಚನೆ ಮಾಡಿದ್ದನ್ನು ಹೇಳುತ್ತೇನೆ. ನಿಮ್ಮ ಮೂಗು ನನ್ನ ಬಾಟಲಿಗಳಿಂದ ಕೆಡಲಿಲ್ಲ, ಆದರೆ ನನ್ನ ಮೂಗು ಅವುಗಳಿಂದ ತಯಾರಾಗಿದೆ. ದಿನವೂ ಕುಳಿತು ಯಾವುದು ಯಾವುದೆಂದು ಗಮನ ಕೊಟ್ಟು ಮೂಸಿ ಮೂಸಿ, ಈಗ ಹಿಂಡಿ ನಿನ್ನೆಯದೋ ಮೊನ್ನೆಯದೋ ಅಡುಗೆಮನೆಯಲ್ಲಿ ನಿಂತೇ ಹೇಳುತ್ತೇನೆ. ಗಿರಣಿಯ ಮೂಲೆಯಲ್ಲಿ ಉಳಿದ ಚೀಲಗಳನ್ನು ಅತ್ತೆಯವರು ಮಲಗಿದ ಮಧ್ಯಾಹ್ನ ಹೋಗಿ ನೋಡಿದೆ. ತಿಕ್ಕಿ, ಆವಿ ಹಾಕಿ, ಮೂಸಿದೆ. ಎರಡು ಚೀಲ ಬೇರೆ ತೆಗೆದಿಟ್ಟೆ. ಮಿಷಿನ್ ನಡೆಸುವುದು, ದರ ಕಟ್ಟುವುದು, ರೈತರ ಜೊತೆ ಜಗಳವಾಡಿ ನಗುವುದು ನನಗೆ ಬಾರದು. ಅದು ನಿಮಗೇ ಬರಬೇಕು.

ಆದ್ದರಿಂದ ಬನ್ನಿ. ನೀವು ತಕ್ಕಡಿಯ ಮುಂದೆ ಕುಳಿತುಕೊಳ್ಳಿ, ನಾನು ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ. ಬಾಗಿಲ ಮರೆಯಲ್ಲಿ ಅಲ್ಲ, ಪಕ್ಕದಲ್ಲಿ. ನೀವು ಕಾಳು ತಿಕ್ಕಿ ಅಂಗೈ ಚಾಚಿ, ನಾನು ಮೂಸುತ್ತೇನೆ. ಊರಿನವರು ಎರಡು ದಿನ ನಗುತ್ತಾರೆ, ಮೂರನೆಯ ದಿನ ಎಣ್ಣೆ ಛಲೋ ಇದ್ದರೆ ಡಬ್ಬಿ ತರುತ್ತಾರೆ. ಆದರೆ ಒಂದು ಮಾತು. ಬಂದವರು ಎಲ್ಲಕ್ಕಿಂತ ಮೊದಲು ಅತ್ತೆಯವರ ಮುಂದೆ ನಿಂತು, ಪೆಟ್ಟಿನಿಂದ ಹೀಗಾಯಿತು, ಇವಳಿಂದ ಅಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಬೇಕು. ನಾನು ಈತನಕ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಬಿಡುವುದೂ ಇಲ್ಲ. ಅದು ನೀವು ಹೇಳಬೇಕಾದದ್ದು. ಹೇಳಲು ಆಗುವುದಿಲ್ಲ ಎಂದಾದರೆ ಕೀಲಿ ಭೀಮಶ್ಯಾನಿಗೆ ಹೋಗಲಿ, ನಾನು ಇಂಡಿಗೆ ಹೋಗುತ್ತೇನೆ. ಗಂಡನ ಮೂಗು ತಿಂದವಳು ಎಂಬ ಹೆಸರು ಹೊತ್ತು ಈ ಓಣಿಯಲ್ಲಿ ನೀರು ತರಲು ನನ್ನಿಂದಾಗದು.

ಸುನಂದಕ್ಕನಿಗೆ ನನ್ನ ನಮಸ್ಕಾರ ಹೇಳಿ. ಅವರ ಒಲೆಯ ಹತ್ತಿರ ನೀವು ಒಬ್ಬರೇ ಕುಳಿತುಕೊಳ್ಳಬೇಡಿ. ಅಲ್ಲಿ ಗ್ಯಾಸು ಇದೆ, ಸೋರಿದರೆ ನಿಮಗೆ ತಿಳಿಯುವುದಿಲ್ಲ. ಆ ಯೋಚನೆ ಬಂದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಸಿಟ್ಟಿನಲ್ಲೂ ನಿಮ್ಮವಳೇ ಆದ,
ಶೈಲಾ

ತಾ. ಕ.: ಪಾಕೀಟಿಗೆ ಅಂಟು ಹಚ್ಚುತ್ತಿದ್ದೆ, ಅತ್ತೆಯವರು ಬಂದು ಎದುರಿಗೆ ಕುಳಿತರು. "ಇಷ್ಟುದ್ದ ಏನ ಬರದಿ ಅವಗ? ಓದ, ಕೇಳತೇನಿ" ಅಂದರು. ಏನೋ ಒಂದು ಕಟ್ಟಿ ಹೇಳಬಹುದಿತ್ತು, ಅವರಿಗೆ ಓದಲು ಬಾರದು. ಆದರೆ ಈ ಮನೆಯಲ್ಲಿ ಕಟ್ಟಿ ಹೇಳಿದ್ದು ಸಾಕಾಗಿತ್ತು. ಮೊದಲಿನಿಂದ ಕೊನೆಯತನಕ ಓದಿದೆ. ನೀವೇ ಹೇಳಬೇಕು ಎಂದು ಮೇಲೆ ಬರೆದದ್ದನ್ನೂ ಓದಿದೆ, ಅವರ ಬಾಯಿಯ ಬಗ್ಗೆ ಬರೆದದ್ದನ್ನೂ ಓದಿದೆ. ಒಂದೆರಡು ಸಾಲು ಕೆಮ್ಮಿ ದಾಟಿಸಿದೆ, ಯಾವುವೆಂದು ನಿಮಗೆ ತಿಳಿದೀತು.

ಅತ್ತೆಯವರು ಖಾಲಿ ಪಾಕೀಟು ಎತ್ತಿಕೊಂಡು ತಿರುವಿ ತಿರುವಿ ನೋಡಿದರು. ಆಮೇಲೆ, "ಹಂಗಾರ ಮಳಿಗಾಲದಿಂದ ನಾ ಮಾಡಿ ಬಡಿಸಿದ್ದು ಒಂದೂ ಅವಗ ರುಚಿ ಹತ್ತಿಲ್ಲೇನ? ಮತ್ತ ದಿನಾ ಛಲೋ ಆಗೇತಿ ಯವ್ವಾ ಅಂತಿದ್ದನಲ್ಲ" ಅಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಹೋಗಿ ಗಿರಣಿಯ ಕೀಲಿ ತಂದು ಈ ಪತ್ರದ ಮೇಲೆ ಇಟ್ಟು, ನೀವು ಬರುವತನಕ ಅದು ನನ್ನ ಹತ್ತಿರ ಇರಲಿ ಅಂದರು. ನಾನೂ ಅತ್ತುಬಿಟ್ಟೆ. ನಿಮಗೆ ಇಲ್ಲಿ ಬಂದು ಹೇಳಲು ಇನ್ನೇನೂ ಉಳಿದಿಲ್ಲ. ಕೊನೆಗೆ ಅವರು ಒಂದು ಮಾತು ಬರೆಯಲು ಹೇಳಿದ್ದಾರೆ, ಹಾಗೇ ಬರೆಯುತ್ತಿದ್ದೇನೆ: "ಮೂಗ ಹೋದ್ರ ಹೋತು. ಕಾಲ ಅದಾವಲ್ಲ, ಬಾ ಅಂತ ಬರಿ."